‘ಸೆಟ್’ ಆಗದ ಮೊಸರು: ಒಂದು ಹತ್ತನೆಯ ತರಗತಿಯ ಪ್ರಕರಣ

ಹಾಲು ಮಾರುವವನೊಬ್ಬ ಆಗಷ್ಟೇ ಕರೆದ ಹಾಲಿಗೆ ಚಿಟಿಕೆ ಅಡುಗೆ ಸೋಡಾ ಹಾಕುತ್ತಾನೆ. ಹಾಲಿನ ಪಿಎಚ್ (ಹುಳಿ–ಕ್ಷಾರದ ಅಳತೆ) 6ರಿಂದ ತುಸು ಕ್ಷಾರದ ಕಡೆಗೆ ಸರಿಯುವ ಹಾಗೆ ಅವನು ಮಾಡುವುದೇಕೆ? ಈ ಹಾಲು ಮೊಸರಾಗಲು ಹೆಚ್ಚು ಹೊತ್ತು ಹಿಡಿಯುವುದೇಕೆ? ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠದ ಕೊನೆಗೆ ಬರುವ ಪ್ರಶ್ನೆ ಇದು. ಎನ್‌ಸಿಇಆರ್‌ಟಿ ಪುಸ್ತಕವನ್ನೇ ನಮ್ಮ ರಾಜ್ಯವೂ ತೆಗೆದುಕೊಂಡಿರುವುದರಿಂದ ದೆಹಲಿಯ ಮಕ್ಕಳಿಗೂ ಇದೇ ಪ್ರಶ್ನೆ, ನಮ್ಮ ಹೋಬಳಿಯ ಮಕ್ಕಳಿಗೂ ಇದೇ ಪ್ರಶ್ನೆ.

2023ರ ಜುಲೈನಲ್ಲಿ ನಮ್ಮ ಶಾಲೆಯ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಮೇಡಂ ಇದನ್ನು ಇಂಗ್ಲಿಷ್ ಮಾಧ್ಯಮದ ವಿಭಾಗಕ್ಕೆ ಕಿರುಪರೀಕ್ಷೆಯಲ್ಲಿ ಕೊಟ್ಟರು. 40ರ ಆಸುಪಾಸು ಮಕ್ಕಳು. ಬಹುಪಾಲು ಹಾಳೆಗಳಲ್ಲಿ ಆ ಜಾಗ ಖಾಲಿ. ಬರೆದ ಕೆಲವರು ಪ್ರಶ್ನೆಯನ್ನೇ ಎತ್ತಿ ಕೆಳಗೆ ಇಳಿಸಿದ್ದರು. ಸ್ಟಾಫ್ ರೂಮಿನಲ್ಲಿ ಮೇಡಂ ಹಾಳೆಗಳ ಕಟ್ಟನ್ನು ಮೇಜಿನ ಮೇಲೆ ಹಾಕಿ, “ದಿನಾ ಬೆಳಗ್ಗೆ ಡೇರಿಗೆ ಹಾಲು ಹಾಕಿ ಸ್ಕೂಲಿಗೆ ಬರೋ ಮಕ್ಕಳು ಸಾರ್ ಇವು. ಮೊಸರಿನ ಪ್ರಶ್ನೆ ಬರೆದಿಲ್ಲ” ಅಂದರು. ನಾನು ಆ ವಿಭಾಗದ ಇಂಗ್ಲಿಷ್ ಮೇಷ್ಟ್ರು. ಮಾತು ನನಗೇ ಆಡಿದ್ದೆಂದು ಅವರು ಹೇಳಲಿಲ್ಲ, ನನಗೆ ತಿಳಿಯದೆಯೂ ಇರಲಿಲ್ಲ.

ಮರುದಿನ ನನ್ನ ಪಿರಿಯಡ್ಡಿನಲ್ಲಿ ಪುಸ್ತಕ ಮುಚ್ಚಿಸಿ, ಅದೇ ಪ್ರಶ್ನೆಯನ್ನು ಮನೆಮಾತಿನಲ್ಲಿ ಕೇಳಿದೆ. ಹಾಲಿಗೆ ಸೋಡಾ ಯಾಕ್ರೋ ಹಾಕ್ತಾರೆ? ತರಗತಿ ಎದ್ದು ಕೂತಿತು. ಬೇಸಿಗೆಯಲ್ಲಿ ಹಾಲು ಒಡೆಯದಿರಲಿ ಅಂತ ಹಾಕ್ತಾರೆ, ಡೇರಿಯಲ್ಲಿ ಸಿಕ್ಕಿಬಿದ್ದರೆ ಹಾಲು ವಾಪಸು ಕಳಿಸ್ತಾರೆ, ಅಂಥ ಹಾಲಿಗೆ ಎಷ್ಟು ಹೆಪ್ಪು ಹಾಕಿದರೂ ಬೆಳಗಾಗುವ ಹೊತ್ತಿಗೆ ನೀರುನೀರು. ಇಷ್ಟನ್ನೂ ಅವರೇ ಹೇಳಿದರು. ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ, ಮನೆಯಲ್ಲಿ ಕುರಿ ಸಾಕಿರುವ ಹುಡುಗ ಕೂತಲ್ಲಿಂದಲೇ ಅಂದ: “ಸೋಡಾ ಮೊದ್ಲು ಹುಳೀನೆಲ್ಲಾ ನುಂಗ್ತೈತೆ ಸಾ. ಅದು ಮುಗಿಯಗಂಟ ಹೆಪ್ಪಾಗಲ್ಲ.”

ರಸಾಯನಶಾಸ್ತ್ರ ಹೇಳುವುದೂ ಇದನ್ನೇ. ಹಾಲಿನಲ್ಲಿರುವ ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ಆ ಆಮ್ಲ ಮೊದಲು ಸೋಡಾವನ್ನು ತಟಸ್ಥಗೊಳಿಸಬೇಕು. ಆಮೇಲಷ್ಟೇ ಪಿಎಚ್ ಇಳಿಯುತ್ತಾ ಹೋಗಿ, 4.6ರ ಹತ್ತಿರ ಬಂದಾಗ ಕೇಸೀನ್ ಎಂಬ ಪ್ರೋಟೀನು ಗಟ್ಟಿಯಾಗುತ್ತದೆ. (ತಾಜಾ ಹಾಲಿನ ಪಿಎಚ್ ವಾಸ್ತವದಲ್ಲಿ 6.6ರ ಆಸುಪಾಸು ಇರುತ್ತದೆ. ಪುಸ್ತಕ 6 ಅಂದಿದೆ, ಇರಲಿ.)

ಹಾಗಾದರೆ ಹಾಳೆಯಲ್ಲಿ ಯಾಕೆ ಬರೆಯಲಿಲ್ಲ? ಇಂಗ್ಲಿಷ್ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು, ಗೊತ್ತಿಲ್ಲದ ಪದ ತೋರಿಸಿ ಎಂದೆ. ‘ಪಿಎಚ್’ ತೋರಿಸುತ್ತಾರೆ, ‘ಆಲ್ಕಲೈನ್’ ತೋರಿಸುತ್ತಾರೆ ಅಂದುಕೊಂಡಿದ್ದೆ. ಅವೆರಡೂ ಗೊತ್ತಿದ್ದವು, ಮೇಡಂ ಪಾಠದಲ್ಲಿ ಚೆನ್ನಾಗಿಯೇ ಕೂರಿಸಿದ್ದರು. ಮಕ್ಕಳು ತೋರಿಸಿದ್ದು ‘ಸೆಟ್’ (ಹೆಪ್ಪುಗಟ್ಟು) ಮತ್ತು ‘ಶಿಫ್ಟ್’ (ಸರಿಸು). ಮೊಸರು ಸೆಟ್ ಆಗುವುದೆಂದರೇನು? ಒಬ್ಬಳಿಗೆ ಅದು ಗಣಿತದ ಗಣ. ಇನ್ನೊಬ್ಬನಿಗೆ ಪಂಪ್‌ಸೆಟ್. ಶಿಫ್ಟ್ ಅಂದರೆ ಅಮ್ಮ ಗಾರ್ಮೆಂಟ್ಸ್‌ಗೆ ಹೋಗುವ ಶಿಫ್ಟು. ಹಾಲಿನವನು ಎರಡು ಶಿಫ್ಟಿನಲ್ಲಿ ಕೆಲಸ ಮಾಡುತ್ತಾನೆ ಎಂದುಕೊಂಡಿದ್ದವಳು ಒಬ್ಬಳಿದ್ದಳು. ಯೋಚಿಸಿದರೆ ತಪ್ಪೂ ಅಲ್ಲ, ಬೆಳಗ್ಗೆ ಸಂಜೆ ಎರಡು ಹೊತ್ತೂ ಕರೆಯುತ್ತಾರಲ್ಲ.

ತರಗತಿಯ ಹಿನ್ನೆಲೆ

ಶಾಲೆ ತುಮಕೂರು ಜಿಲ್ಲೆಯ ಉತ್ತರ ಭಾಗದ ಒಂದು ಹೋಬಳಿ ಕೇಂದ್ರದಲ್ಲಿದೆ. ಎಂಟರಿಂದ ಹತ್ತರವರೆಗೆ ಕನ್ನಡ ಮಾಧ್ಯಮದ ಒಂದು ವಿಭಾಗ, ಇಂಗ್ಲಿಷ್ ಮಾಧ್ಯಮದ ಒಂದು ವಿಭಾಗ. ಇಂಗ್ಲಿಷ್ ವಿಭಾಗದ ಮಕ್ಕಳಲ್ಲಿ ಹೆಚ್ಚಿನವರು ಏಳನೆಯವರೆಗೆ ಸುತ್ತಲ ಹಳ್ಳಿಗಳಲ್ಲಿ ಕನ್ನಡದಲ್ಲೇ ಓದಿದವರು. ಇಂಗ್ಲಿಷನ್ನು ಒಂದನೆಯ ತರಗತಿಯಿಂದ ಒಂದು ವಿಷಯವಾಗಿ ಓದಿದ್ದಾರೆ. 2007–08ರಿಂದ ಸರ್ಕಾರಿ ಶಾಲೆಗಳಲ್ಲಿ ಆ ವ್ಯವಸ್ಥೆ ಇದೆ. ಆದರೆ ವಿಷಯವಾಗಿ ಓದುವುದು ಬೇರೆ, ಆ ಭಾಷೆಯಲ್ಲಿ ಇನ್ನೊಂದು ವಿಷಯ ಓದುವುದು ಬೇರೆ. ಎಂಟನೆಯ ತರಗತಿಯ ಜೂನ್ ತಿಂಗಳಲ್ಲಿ, ಹಿಂದಿನ ಪಾಠ ನೆನಪಿಸುವ ಸೇತುಬಂಧದ ಕೆಲವು ದಿನಗಳ ಆಚೆಗೆ, ಜೀವಕೋಶವೂ ಬಲವೂ ಘರ್ಷಣೆಯೂ ಒಮ್ಮೆಲೇ ಇಂಗ್ಲಿಷಾಗಿ ಬಿಡುತ್ತವೆ.

ಮಾಧ್ಯಮದ ಜಗಳ ನಮ್ಮ ರಾಜ್ಯದಲ್ಲಿ ಹಳೆಯದು. ಕಿರಿಯ ತರಗತಿಗಳಲ್ಲಿ ಮಾತೃಭಾಷೆ ಇಲ್ಲವೇ ಕನ್ನಡದಲ್ಲೇ ಕಲಿಸಬೇಕೆಂಬ 1994ರ ಭಾಷಾ ನೀತಿಯ ಆದೇಶ, ಅದನ್ನು ಸುಪ್ರೀಂ ಕೋರ್ಟು 2014ರಲ್ಲಿ ತಳ್ಳಿಹಾಕಿದ್ದು, 2019–20ರಲ್ಲಿ ಸರ್ಕಾರವೇ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರುಮಾಡಿದ್ದು, ಎಲ್ಲವೂ ಓದುಗರಿಗೆ ಗೊತ್ತಿರುವ ಕಥೆ. ಆ ಜಗಳದಲ್ಲಿ ಯಾವ ಪಕ್ಷ ಹಿಡಿದರೂ ಗುರುವಾರ ಮಧ್ಯಾಹ್ನ ಎರಡೂವರೆಗೆ ಆ ನಲವತ್ತು ಮಕ್ಕಳ ಮುಂದೆ ಯಾರಾದರೂ ನಿಲ್ಲಲೇಬೇಕು. ಈ ಬರಹ ಅಷ್ಟಕ್ಕೇ ಸಂಬಂಧಿಸಿದ್ದು.

ತರಗತಿ ನಡೆಯುತ್ತಿದ್ದ ರೀತಿ ಹೀಗೆ: ಮೇಡಂ ಪುಸ್ತಕದ ಸಾಲನ್ನು ಇಂಗ್ಲಿಷಿನಲ್ಲಿ ಓದುವರು, ಕನ್ನಡದಲ್ಲಿ ವಿವರಿಸುವರು, ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಬರೆಯುವರು. ಮಕ್ಕಳು ಕೇಳುವುದು ಕನ್ನಡ, ನಕಲು ಮಾಡುವುದು ಇಂಗ್ಲಿಷ್. ನನ್ನ ಪಾಠವೂ ಇದಕ್ಕಿಂತ ಬೇರೆ ಇರಲಿಲ್ಲ. ಪದ್ಯದ ಸಾರಾಂಶವನ್ನು ಕನ್ನಡದಲ್ಲಿ ಹೇಳಿ, ಪ್ರಶ್ನೋತ್ತರ ಬರೆಸಿ, ರಜೆ ಅರ್ಜಿಯ ನಮೂನೆಯನ್ನು ಬಾಯಿಪಾಠ ಮಾಡಿಸಿ, ಪಾಸು ಮಾಡಿಸುತ್ತಿದ್ದೆ. ಹೀಗಾಗಿ ಇಂಗ್ಲಿಷ್ ವಾಕ್ಯವೊಂದನ್ನು ಮಗು ತಾನೇ ಬಿಡಿಸಿ ಓದಿಕೊಳ್ಳುವ ಕ್ಷಣ ಇಡೀ ದಿನದಲ್ಲಿ ಎಲ್ಲೂ ಬರುತ್ತಿರಲಿಲ್ಲ. ಪರೀಕ್ಷೆಯಲ್ಲಿ ಮಾತ್ರ ಬರುತ್ತಿತ್ತು.

ಮೊದಲು ಎಡವಿದ್ದು

ಮೊಸರಿನ ಪ್ರಕರಣ ಆದ ಮೇಲೂ ನಾವು ಮಾಡಿದ ಮೊದಲ ಕೆಲಸ ತಪ್ಪೇ. ಪಾರಿಭಾಷಿಕ ಪದಗಳ ಪಟ್ಟಿ ಮಾಡಿದೆವು. ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಕನ್ನಡ. ಆಕ್ಸಿಡೇಶನ್ ಅಂದರೆ ಉತ್ಕರ್ಷಣ, ರಿಡಕ್ಷನ್ ಅಂದರೆ ಅಪಕರ್ಷಣ, ರಿಫ್ರಾಕ್ಷನ್ ಅಂದರೆ ವಕ್ರೀಭವನ, ಪೊಟೆನ್ಶಿಯಲ್ ಡಿಫರೆನ್ಸ್ ಅಂದರೆ ವಿಭವಾಂತರ. ಜೆರಾಕ್ಸ್ ಮಾಡಿಸಿ ನೋಟ್‌ಬುಕ್ಕಿಗೆ ಅಂಟಿಸಿದ್ದಾಯಿತು. ಮಕ್ಕಳು ಶ್ರದ್ಧೆಯಿಂದ ಬಾಯಿಪಾಠ ಮಾಡಿದರು. ಮುಂದಿನ ಕಿರುಪರೀಕ್ಷೆಯಲ್ಲಿ ಖಾಲಿ ಜಾಗಗಳು ಖಾಲಿಯಾಗಿಯೇ ಉಳಿದವು. ಯೋಚಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ‘ವಿಭವಾಂತರ’ ಅನ್ನುವುದು ಕುರಿ ಸಾಕುವ ಮನೆಯ ಹುಡುಗನಿಗೆ ಯಾವ ಸೀಮೆಯ ಕನ್ನಡ? ಗೊತ್ತಿಲ್ಲದ ಒಂದು ಪದಕ್ಕೆ ಗೊತ್ತಿಲ್ಲದ ಇನ್ನೊಂದು ಪದವನ್ನು ಜೋಡಿ ಮಾಡಿ ಮದುವೆ ಮಾಡಿದ್ದೆವು.

ಎರಡನೆಯ ತಪ್ಪು ನಮ್ಮದಲ್ಲ, ಆದರೂ ಪಾಲಿಸಿದವರು ನಾವೇ. ಶಾಲಾ ಭೇಟಿಗೆ ಬಂದ ಅಧಿಕಾರಿಯೊಬ್ಬರು ಇಂಗ್ಲಿಷ್ ವಿಭಾಗದಲ್ಲಿ ಕನ್ನಡ ಕೇಳಿಬಂದದ್ದಕ್ಕೆ ಬೇಸರ ಮಾಡಿಕೊಂಡು, ಇನ್ನು ಮುಂದೆ ಪೂರ್ತಿ ಇಂಗ್ಲಿಷಿನಲ್ಲೇ ಪಾಠ ನಡೆಯಲಿ ಎಂದು ವಹಿಯಲ್ಲಿ ಬರೆದು ಹೋದರು. ಎರಡು ವಾರ ಹಾಗೇ ನಡೆಸಿದೆವು. ಆ ಎರಡು ವಾರ ವಿಜ್ಞಾನದ ತರಗತಿಯಲ್ಲಿ ಒಬ್ಬರೂ ಒಂದೂ ಪ್ರಶ್ನೆ ಕೇಳಲಿಲ್ಲ. ಮೇಡಂಗೆ ಅದು ದೇವಸ್ಥಾನದಲ್ಲಿ ಸಂಸ್ಕೃತ ಮಂತ್ರ ಕೇಳುವ ಜನರ ಮುಖಗಳ ಹಾಗೆ ಕಂಡಿತಂತೆ: ಭಕ್ತಿ ಇದೆ, ಅರ್ಥ ಇಲ್ಲ. ಮೂರನೆಯ ವಾರ ಅವರು ಬಾಗಿಲು ಮುಂದೆ ಮಾಡಿಕೊಂಡು ಕನ್ನಡಕ್ಕೆ ಮರಳಿದರು.

ನಡುವಿನ ಪದಗಳು

ಆಗಸ್ಟಿನಲ್ಲಿ ನಾವಿಬ್ಬರೂ ಕೂತು ಬೇರೆ ಕೆಲಸ ಮಾಡಿದೆವು. ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟು, ಹಳೆಯ ಪ್ರಶ್ನೆಪತ್ರಿಕೆಗಳಲ್ಲೂ ಮೂರು ಪಾಠಗಳಲ್ಲೂ ಅಡ್ಡ ಬರುವ ಪ್ರತಿ ಪದದ ಕೆಳಗೆ ಗೆರೆ ಎಳೆಯಲು ಹೇಳಿದೆವು. ಅಂಕ ಇಲ್ಲ, ಹೆಸರು ಬರೆಯುವ ಹಾಗಿಲ್ಲ. ಎರಡನೆಯ ಮಾತು ಹೇಳಿದ ಮೇಲೇ ಪೆನ್ಸಿಲುಗಳು ಓಡಾಡಿದ್ದು.

ಸಂಜೆ ಹಾಳೆಗಳನ್ನು ಹರಡಿ ನೋಡಿದರೆ, ಗೆರೆ ಬಿದ್ದಿದ್ದು ವಿಜ್ಞಾನದ ಪದಗಳ ಕೆಳಗೆ ಅಲ್ಲವೇ ಅಲ್ಲ. ‘ರೆಸ್ಪೆಕ್ಟಿವ್ಲಿ’ (ಅನುಕ್ರಮವಾಗಿ), ‘ವೇರ್ಆಸ್’ (ಆದರೆ), ‘ಡ್ಯೂ ಟು’, ‘ಅನ್‌ಲೆಸ್’, ‘ಎಕ್ಸೆಸ್’, ‘ಇವಾಲ್ವ್ಡ್’, ‘ಅಕೌಂಟ್ ಫಾರ್’, ‘ಜಸ್ಟಿಫೈ’, ‘ಟೆಂಡ್ಸ್ ಟು’. ‘ಸ್ಟೊಮಾಟಾ’ದ (ಎಲೆಯ ಸಣ್ಣ ರಂಧ್ರಗಳು) ಕೆಳಗೆ ಗೆರೆ ಎಳೆದವರು ತೀರಾ ಕಡಿಮೆ. ಸ್ಟೊಮಾಟಾಗೆ ಪುಸ್ತಕದಲ್ಲಿ ಚಿತ್ರವಿದೆ, ಮೇಡಂ ಒಂದು ಪಿರಿಯಡ್ ಇಟ್ಟುಕೊಂಡಿದ್ದಾರೆ, ಎಲೆಯ ಸಿಪ್ಪೆ ಸುಲಿದು ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದಾರೆ. ‘ವೇರ್ಆಸ್’ಗೆ ಯಾವ ಚಿತ್ರ, ಯಾವ ಪಿರಿಯಡ್ಡು? ಅದು ವಿಜ್ಞಾನದ ಪದವಲ್ಲ, ಆದ್ದರಿಂದ ಮೇಡಂ ಕಲಿಸುವುದಿಲ್ಲ. ನನ್ನ ಇಂಗ್ಲಿಷ್ ಪಾಠದಲ್ಲಿ ಕಥೆಯಿದೆ, ಪದ್ಯವಿದೆ, ಪತ್ರವಿದೆ, ಅಲ್ಲಿ ಅದು ಬರುವುದು ಅಪರೂಪ, ಆದ್ದರಿಂದ ನಾನೂ ಕಲಿಸುವುದಿಲ್ಲ. ಎರಡು ಊರಿನ ಗಡಿಯಲ್ಲಿ ಬಿದ್ದ ದನದ ಹಾಗೆ, ಯಾವ ಪಂಚಾಯ್ತಿಯೂ ತನ್ನದು ಅನ್ನಲಿಲ್ಲ.

ಇದು ನಮ್ಮ ಹೋಬಳಿಯ ಆವಿಷ್ಕಾರವೇನಲ್ಲ. 1970ರ ದಶಕದಲ್ಲಿ ಆಸ್ಟ್ರೇಲಿಯಾದ ಪಾಲ್ ಗಾರ್ಡ್ನರ್, 1980ರ ದಶಕದಲ್ಲಿ ಬ್ರಿಟನ್ನಿನ ಕ್ಯಾಸೆಲ್ಸ್ ಮತ್ತು ಜಾನ್‌ಸ್ಟೋನ್ ಇದನ್ನೇ ಹುಡುಕಿದ್ದರು. ವಿಜ್ಞಾನದ ತರಗತಿಯಲ್ಲಿ ಬರುವ ಸಾಮಾನ್ಯ ಇಂಗ್ಲಿಷ್ ಪದಗಳೇ ಮಕ್ಕಳನ್ನು ಎಡವಿಸುತ್ತವೆ ಎಂದು. ಅವರು ನೋಡಿದವರಲ್ಲಿ ಮನೆಯಲ್ಲಿ ಇಂಗ್ಲಿಷೇ ಆಡುವ ಮಕ್ಕಳೂ ಇದ್ದರು ಅನ್ನುವುದು ನನಗೆ ಒಂದು ರೀತಿಯ ಸಮಾಧಾನ.

ಇನ್ನೊಂದು ಬಗೆಯ ಪದಗಳು ಇನ್ನೂ ಕಪಟಿಗಳು, ಗೊತ್ತಿರುವ ವೇಷದಲ್ಲೇ ಬರುತ್ತವೆ. ಬೆಳಕಿನ ಪಾಠದಲ್ಲಿ, ವಿರಳ ಮಾಧ್ಯಮದಿಂದ ಸಾಂದ್ರ ಮಾಧ್ಯಮಕ್ಕೆ ಹೋಗುವ ಕಿರಣ ‘ನಾರ್ಮಲ್’ (ಮೇಲ್ಮೈಗೆ ಎಳೆದ ಲಂಬರೇಖೆ) ಕಡೆಗೆ ಬಾಗುತ್ತದೆ ಎಂಬ ವಾಕ್ಯ ಬರುತ್ತದೆ. ‘ನಾರ್ಮಲ್’ ನಮ್ಮ ಮಕ್ಕಳಿಗೆ ಆಸ್ಪತ್ರೆಯ ಪದ: ಬಿಪಿ ನಾರ್ಮಲ್, ಡೆಲಿವರಿ ನಾರ್ಮಲ್. ಕಿರಣ ಮೊದಲು ಹುಷಾರಿಲ್ಲದೆ ಇದ್ದು ಆಮೇಲೆ ನಾರ್ಮಲ್ ಆಗುತ್ತದೆ ಎಂದು ಹುಡುಗಿಯೊಬ್ಬಳು ಅರ್ಥ ಮಾಡಿಕೊಂಡಿದ್ದಳು. ಅದೇ ವಾಕ್ಯದ ‘ಮೀಡಿಯಂ’ ಕೇಳಿ ಹಿಂದಿನ ಬೆಂಚಿನವನು, “ಇಂಗ್ಲಿಷ್ ಮೀಡಿಯಂನಲ್ಲಿ ಬೆಳಕು ಜಾಸ್ತಿ ಬಗ್ತೈತಾ ಸಾ?” ಅಂದ. ತಮಾಷೆಗೆ ಕೇಳಿದನೋ ನಿಜಕ್ಕೋ ನನಗೆ ಇವತ್ತಿಗೂ ಖಾತ್ರಿಯಿಲ್ಲ. ‘ರಿಡಕ್ಷನ್’ ಬಟ್ಟೆ ಅಂಗಡಿಯ ಬೋರ್ಡು. ‘ಸೊಲ್ಯೂಶನ್’ ಸಮಸ್ಯೆಗೆ ಪರಿಹಾರ, ದ್ರಾವಣವಲ್ಲ. ‘ಕರೆಂಟು’ ಹೋಗುವುದು, ಬರುವುದು, ತ್ರೀಫೇಸ್ ಇರುವುದು, ಇಲ್ಲದಿರುವುದು, ಹರಿಯುವುದಂತೂ ಅಲ್ಲ. ‘ಇವಾಲ್ವ್’ ಜೀವಶಾಸ್ತ್ರದಲ್ಲಿ ವಿಕಾಸ, ರಸಾಯನಶಾಸ್ತ್ರದಲ್ಲಿ ಅನಿಲ ಹೊರಬರುವುದು. ಸತು ಮತ್ತು ಆಮ್ಲದ ಪ್ರಯೋಗದಲ್ಲಿ ಹೈಡ್ರೋಜನ್ ವಿಕಾಸ ಹೊಂದಿತು ಎಂದು ತಿಳಿದವನು ಎರಡೂ ಪಾಠ ಓದಿದ ಹುಡುಗ. ಓದದವನಿಗೆ ಈ ತಪ್ಪು ಮಾಡಲೂ ಬರುತ್ತಿರಲಿಲ್ಲ.

ಒಂದು ಪದ ಮಾತ್ರ ಇದ್ದಕ್ಕಿದ್ದ ಹಾಗೆ ನಮ್ಮ ಪರವಾಗಿ ನಿಂತಿತು: ಮಸೂರದ ‘ಪವರ್’. ಅಜ್ಜಿಯ ಕನ್ನಡಕಕ್ಕೆ ಪ್ಲಸ್ ಪವರ್, ದೂರದ್ದು ಕಾಣದ ಅಕ್ಕನಿಗೆ ಮೈನಸ್ ಪವರ್ ಎಂದು ಎಲ್ಲರಿಗೂ ಗೊತ್ತು. ಸಂಗಮ ದೂರ 50 ಸೆಂಟಿಮೀಟರ್ ಆದರೆ ಸಾಮರ್ಥ್ಯ 2 ಡಯಾಪ್ಟರ್ ಎಂಬ ಲೆಕ್ಕವನ್ನು ಚೀಟಿ ಹಿಡಿದು ಬಂದ ಮಕ್ಕಳು ಸಲೀಸಾಗಿ ಮಾಡಿದರು. ಚೀಟಿ ಅಂದರೆ ಕಣ್ಣಿನ ಡಾಕ್ಟರು ಬರೆದುಕೊಟ್ಟದ್ದು.

ಕುತೂಹಲಕ್ಕೆ ಪಕ್ಕದ ಕನ್ನಡ ಮಾಧ್ಯಮದ ವಿಭಾಗದಲ್ಲೂ ಗೆರೆ ಎಳೆಸಿದೆವು. ಅಲ್ಲಿ ಎಲ್ಲವೂ ಸರಾಗ ಇರುತ್ತದೆಂದು ನನ್ನ ಎಣಿಕೆ. ‘ಆದರೆ’, ‘ಏಕೆಂದರೆ’, ‘ಹೊರಬರುವ’ ಇವುಗಳ ಕೆಳಗೆ ಗೆರೆ ಇಲ್ಲ, ನಿಜ. ಆದರೆ ‘ಅನುಕ್ರಮವಾಗಿ’ ಕೆಳಗೆ ಸಾಲುಸಾಲು ಗೆರೆ. ‘ಕ್ರಮವಾಗಿ’ ಅಂದರೆ ಪ್ರಾರ್ಥನೆಗೆ ಲೈನಾಗಿ ನಿಲ್ಲೋದು ಅಂದಳು ಒಬ್ಬಳು. ಪುಸ್ತಕದ ಕೆಲವು ವಾಕ್ಯಗಳು ಕನ್ನಡ ಲಿಪಿಯಲ್ಲಿದ್ದರೂ ನಡಿಗೆ ಇಂಗ್ಲಿಷಿನದೇ. ಕ್ರಿಯಾಪದ ಸಿಗುವ ಹೊತ್ತಿಗೆ ಕರ್ತೃ ಮರೆತುಹೋಗಿರುತ್ತದೆ. ನಮ್ಮ ಜಿಲ್ಲೆಯ ಬೆಳ್ಳಾವೆಯ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ 1918ರಲ್ಲೇ ‘ವಿಜ್ಞಾನ’ ಎಂಬ ಮಾಸಪತ್ರಿಕೆ ತಂದವರು. ಅಷ್ಟು ಹಳೆಯ ಅಭ್ಯಾಸ ಇರುವ ಭಾಷೆಯಲ್ಲಿ ಮಗುವಿಗೆ ಇನ್ನೂ ಇಂಥ ವಾಕ್ಯ ಕೊಡುತ್ತಿದ್ದೇವಲ್ಲ ಎಂದು ಸಂಕಟವಾಯಿತು. ಎಲ್ಲರನ್ನೂ ಕನ್ನಡ ವಿಭಾಗಕ್ಕೆ ಕಳಿಸಿಬಿಟ್ಟರೆ ಮುಗಿಯಿತು ಎಂದು ಆಗಾಗ ಅನ್ನುತ್ತಿದ್ದವನು ನಾನೇ. ಅವತ್ತಿನಿಂದ ಆ ಮಾತು ಕಡಿಮೆ ಮಾಡಿದೆ.

ಗುರುವಾರದ ಪಿರಿಯಡ್ಡು

ಹೆಡ್‌ಮಾಸ್ಟರ ಹತ್ತಿರ ಹೋಗಿ ವಾರಕ್ಕೊಂದು ಪಿರಿಯಡ್ ಕೇಳಿದೆವು. ನನ್ನ ಗುರುವಾರದ ಇಂಗ್ಲಿಷ್ ಪಿರಿಯಡ್ಡಿಗೆ ಮೇಡಂ ಕೂಡ ಬರುತ್ತಾರೆ, ವಿಜ್ಞಾನದ ಪುಸ್ತಕವೇ ಅವತ್ತಿನ ಇಂಗ್ಲಿಷ್ ಪುಸ್ತಕ. ಹೆಡ್‌ಮಾಸ್ಟರು ಕೇಳಿದ್ದು ಒಂದೇ ಪ್ರಶ್ನೆ: “ಪೋರ್ಷನ್ ಮುಗಿಯುತ್ತಾ?” ಮುಗಿಯುತ್ತೆ ಎಂದು ಇಬ್ಬರೂ ಒಟ್ಟಿಗೆ ಸುಳ್ಳು ಹೇಳಿದೆವು.

ಮೊದಲ ಗುರುವಾರ ಪ್ರಶ್ನೆ ಓದುವುದನ್ನಷ್ಟೇ ಕಲಿಸಿದೆವು. ಉತ್ತರ ಬೇಡ. ಪ್ರಶ್ನೆಯಲ್ಲಿ ‘ಮಾಡು’ ಎನ್ನುವ ಪದ ಯಾವುದು? ‘ಸ್ಟೇಟ್’ ಅಂದರೆ ಇದ್ದುದನ್ನು ಇದ್ದ ಹಾಗೆ ಹೇಳು, ಕಾರಣ ಬೇಡ. ‘ಜಸ್ಟಿಫೈ’ ಅಂದರೆ ಕಾರಣ ಕೊಟ್ಟು ಒಪ್ಪಿಸು. ‘ಡಿಸ್ಟಿಂಗ್ವಿಶ್’ ಅಂದರೆ ಎರಡು ಕಂಬ ಹಾಕಿ ವ್ಯತ್ಯಾಸ ಬರೆ. ‘ಅಕೌಂಟ್ ಫಾರ್’ ಅಂದರೆ ಬ್ಯಾಂಕಿನದಲ್ಲ, ಯಾಕೆ ಹೀಗಾಯಿತು ಹೇಳು. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದೇ 15 ನಿಮಿಷ ಕೊಡುತ್ತಾರೆ. ಆ 15 ನಿಮಿಷದಲ್ಲಿ ಏನು ಮಾಡ್ತೀರಿ ಅಂತ ಹಿಂದಿನ ವರ್ಷದ ಮಕ್ಕಳನ್ನು ಕೇಳಿದ್ದಾಗ, “ದೇವರ ಹೆಸರು ಹೇಳ್ಕೊಂಡು ಮಾರ್ಜಿನ್ ಹೊಡಿತೀವಿ” ಅಂದಿದ್ದರು.

ಎರಡನೆಯ ವಾರ ಸಿಕ್ಕಿತು ನೋಡಿ, ಈ ಪ್ರಕರಣದ ಅತ್ಯಂತ ಒಳ್ಳೆಯ ವಸ್ತು. ಅದನ್ನು ಕಂಡುಹಿಡಿದದ್ದು ನಾವಲ್ಲ. ಹಲಗೆಯ ಮೇಲೆ ಒಂದು ಉದ್ದದ ಇಂಗ್ಲಿಷ್ ತುಂಡು ಇತ್ತು: ‘ದ ಗ್ಯಾಸ್ ವಿಚ್ ಈಸ್ ಇವಾಲ್ವ್ಡ್ ವೆನ್ ಝಿಂಕ್ ರಿಯಾಕ್ಟ್ಸ್ ವಿತ್ ಡೈಲ್ಯೂಟ್ ಸಲ್ಫ್ಯೂರಿಕ್ ಆಸಿಡ್’. ಎಡದಿಂದ ಬಲಕ್ಕೆ ಪದಪದ ಅರ್ಥ ಹೇಳುತ್ತಾ ಹೋದರೆ ‘ಅನಿಲ, ಯಾವುದು, ಹೊರಬರುತ್ತದೆ, ಯಾವಾಗ, ಸತು...’ ಎಂದು ಸಿಕ್ಕುಸಿಕ್ಕಾಗುತ್ತಿತ್ತು. ಡೇರಿ ಕಾರ್ಯದರ್ಶಿಯ ಮಗಳು ಎದ್ದು ಬಂದು, ಸೀಮೆಸುಣ್ಣ ತೆಗೆದುಕೊಂಡು, ಕೊನೆಯಿಂದ ಹಿಂದಕ್ಕೆ ಬೆರಳಿಟ್ಟು ಓದಿದಳು: ಸಾರರಿಕ್ತ ಸಲ್ಫ್ಯೂರಿಕ್ ಆಮ್ಲದ ಜೊತೆ ಸತು ವರ್ತಿಸಿದಾಗ ಹೊರಬರುವ ಅನಿಲ. “ಸಾರ್, ಬಾಲದಿಂದ ಹಿಡಿದ್ರೆ ಕನ್ನಡ ಬರುತ್ತೆ.”

ಹದಿನೆಂಟು ವರ್ಷ ಇಂಗ್ಲಿಷ್ ಕಲಿಸಿದ್ದೇನೆ, ‘ರಿಲೇಟಿವ್ ಕ್ಲಾಝ್’ ಎಂದು ಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಇಂಗ್ಲಿಷಿನಲ್ಲಿ ವಸ್ತು ಮುಂದೆ, ಅದರ ವರ್ಣನೆ ಹಿಂದೆ; ಕನ್ನಡದಲ್ಲಿ ‘ಹೊರಬರುವ’, ‘ಹೀರಿದ’, ‘ಕಾಯಿಸಿದ’ ಎಲ್ಲ ಮುಗಿದ ಮೇಲೆ ಕೊನೆಗೆ ವಸ್ತು. ಇಷ್ಟು ಸರಳವಾಗಿ ಅದನ್ನು ನಾನು ಒಮ್ಮೆಯೂ ಹೇಳಿರಲಿಲ್ಲ. ಅಂದಿನಿಂದ ತರಗತಿಯಲ್ಲಿ ಅದಕ್ಕೆ ‘ಬಾಲದ ಓದು’ ಎಂದೇ ಹೆಸರು. ‘ಬಿಕಾಸ್’ ಇರುವ ವಾಕ್ಯಕ್ಕೂ ಅದು ನಡೆಯುತ್ತದೆ: ಬಾಲದಲ್ಲಿರುವ ಕಾರಣ ಮೊದಲು, ತಲೆಯಲ್ಲಿರುವ ಫಲ ಆಮೇಲೆ. ಎಲ್ಲ ಕಡೆಯೂ ನಡೆಯುವುದಿಲ್ಲ. ‘ವೇರ್ಆಸ್’ ಬಂದರೆ ಎರಡೂ ಕಡೆ ಸರಿಸಮ ತೂಕ, ಬಾಲವೂ ಇಲ್ಲ, ತಲೆಯೂ ಇಲ್ಲ. ಭಟ್ಟಿ ಇಳಿಸಿದ ನೀರು ವಿದ್ಯುತ್ತನ್ನು ಹರಿಸುವುದಿಲ್ಲ, ಮಳೆನೀರು ಹರಿಸುತ್ತದೆ, ಏಕೆ ಎಂಬ ಪ್ರಶ್ನೆಯಲ್ಲಿ ಬಾಲದ ಓದು ಕೆಲವರನ್ನು ದಾರಿ ತಪ್ಪಿಸಿತು. ಮಳೆನೀರಿನ ಕಾರಣಕ್ಕೆ ಭಟ್ಟಿ ನೀರಿಗೆ ಹೀಗಾಗುತ್ತದೆ ಎಂದು ಬರೆದರು. ಅದಕ್ಕೆ ಬೇರೆ ಗುರುವಾರ ಬೇಕಾಯಿತು.

ಬರೆಯುವುದು ಇನ್ನೂ ಕಷ್ಟ. ಕನ್ನಡದ ಕಟ್ಟು ಮಕ್ಕಳ ಕೈಯಲ್ಲಿ ಗಟ್ಟಿಯಾಗಿರುವುದರಿಂದ ‘ಬಿಕಾಸ್ ಸೋಡಾ ಆ್ಯಡೆಡ್.’ ಎಂದು ಬರೆದು ಪೂರ್ಣವಿರಾಮ ಇಟ್ಟುಬಿಡುತ್ತಿದ್ದರು. ‘ಸೋಡಾ ಹಾಕಿದ್ದರಿಂದ’ ಎಂದು ಶುರುಮಾಡಿ ನಿಲ್ಲಿಸಿದ ಹಾಗೆ. ವಾಕ್ಯ ಗಾಳಿಯಲ್ಲಿ ತೂಗಾಡುತ್ತಿತ್ತು. ನಾಲ್ಕು ಚೌಕಟ್ಟು ಮಾಡಿಕೊಟ್ಟೆವು, ನಡುವೆ ‘ಬಿಕಾಸ್’ ಇರುವುದು, ‘ವೆನ್’ನಿಂದ ಶುರುವಾಗುವುದು, ‘ವೇರ್ಆಸ್’ ಇರುವುದು, ‘ಇಫ್’ ಇರುವುದು. ಮೊದಲು ಕನ್ನಡದಲ್ಲಿ ಬಾಯಲ್ಲಿ ಉತ್ತರ, ಆಮೇಲೆ ಯಾವ ಚೌಕಟ್ಟು ಬೇಕು ಎಂದು ಪಕ್ಕದವರ ಜೊತೆ ಜಗಳ, ಆಮೇಲೆ ಬರವಣಿಗೆ. ಆ ಜಗಳದ ಹೊತ್ತಿನಲ್ಲೇ ಕಲಿಕೆ ನಡೆಯುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ಅಕ್ಟೋಬರಿನಲ್ಲಿ ಇಂಗ್ಲಿಷ್ ಪಿರಿಯಡ್ಡನ್ನೇ ಪ್ರಯೋಗಾಲಯಕ್ಕೆ ಒಯ್ದೆವು. ಪ್ರಯೋಗಾಲಯ ಅಂದರೆ ಒಂದು ಬೀರು ಮತ್ತು ಎರಡು ಮೇಜು. ದಾಸವಾಳದ ಹೂವನ್ನು ಬಿಸಿನೀರಿನಲ್ಲಿ ನೆನೆಸಿ ರಸ ತೆಗೆದು, ನಿಂಬೆಹುಳಿಗೆ ಹಾಕಿದರೆ ಕಡುಗೆಂಪು, ಸೋಪಿನ ನೀರಿಗೆ ಹಾಕಿದರೆ ಹಸಿರು. ಅರಿಸಿನದ ಕಲೆಗೆ ಸೋಪು ತಾಗಿದರೆ ಕೆಂಪಾಗುವುದು ಬಟ್ಟೆ ಒಗೆಯುವ ಹುಡುಗಿಯರಿಗೆಲ್ಲ ಗೊತ್ತಿತ್ತು, ಅದು ವಿಜ್ಞಾನ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಮಾಡಿದ್ದನ್ನು ಇಂಗ್ಲಿಷಿನಲ್ಲಿ ಐದು ವಾಕ್ಯ ಬರೆಯಬೇಕು: ಏನು ತೆಗೆದುಕೊಂಡೆವು, ಏನು ಮಾಡಿದೆವು, ಏನು ಕಂಡಿತು. ಆ ಐದು ವಾಕ್ಯಕ್ಕೆ ನಾನು ಇಂಗ್ಲಿಷಿನಲ್ಲಿ ಅಂಕ ಕೊಟ್ಟೆ, ಅದೇ ಹಾಳೆಗೆ ಮೇಡಂ ವಿಜ್ಞಾನದಲ್ಲಿ ಕೊಟ್ಟರು. ಒಂದು ಬರವಣಿಗೆಗೆ ಎರಡು ಕಡೆ ಅಂಕ ಸಿಗುತ್ತದೆಂದು ತಿಳಿದ ದಿನ ತರಗತಿಯ ಉತ್ಸಾಹವೇ ಬೇರೆ.

ಒಬ್ಬ ತಂದೆ ಒಂದು ದಿನ ಶಾಲೆಗೆ ಬಂದರು. “ಏನ್ ಮೇಡಂ, ಇಂಗ್ಲಿಷ್ ಮೀಡಿಯಂ ಅಂತ ಸೇರ್ಸಿದ್ದೀವಿ, ಇಂಗ್ಲಿಷ್ ಪಿರಿಯಡ್ನಾಗೂ ಕನ್ನಡದಲ್ಲೇ ಹೇಳ್ಕೊಡ್ತಿದ್ದೀರಂತೆ?” ಮೇಡಂ ಜಗಳ ಕಾಯಲಿಲ್ಲ. “ಕೂತ್ಕೊಳ್ಳಿ ಅಣ್ಣಾ” ಎಂದು ಹೇಳಿ, ಅವರ ಮಗಳನ್ನು ಕರೆಸಿ, ತಾಮ್ರ–ಹಿತ್ತಾಳೆ ಪಾತ್ರೆಯಲ್ಲಿ ಮೊಸರು ಯಾಕೆ ಇಡಬಾರದು ಎಂಬ ಪಾಠದ ಪ್ರಶ್ನೆಯನ್ನು ಇಂಗ್ಲಿಷಿನಲ್ಲೇ ಕೇಳಿದರು. ಹುಡುಗಿ ತಡವರಿಸಿಕೊಂಡು, ಒಂದು ‘ಬಿಕಾಸ್’ ಸರಿಯಾಗಿ ನಡುವೆ ಇಟ್ಟು, ಇಂಗ್ಲಿಷಿನಲ್ಲೇ ಹೇಳಿದಳು. ತಂದೆಗೆ ಉತ್ತರ ಸರಿಯೋ ತಪ್ಪೋ ತಿಳಿಯಲಿಲ್ಲ. ಮಗಳ ಮುಖ ನೋಡಿದರು, ಎದ್ದು ಹೋದರು.

ಪರೀಕ್ಷೆ, ಮತ್ತು ಅದು ಹೇಳದ್ದು

ಫೆಬ್ರವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ವ್ಯತ್ಯಾಸ ಕಂಡಿತು, ಒಂದೇ ಕಡೆ. ‘ಏಕೆ’ ಎಂದು ಕೇಳುವ ಎರಡು, ಮೂರು ಅಂಕದ ಪ್ರಶ್ನೆಗಳನ್ನು ಬಿಟ್ಟುಬರುವುದು ಕಡಿಮೆಯಾಯಿತು. ಇಂಗ್ಲಿಷ್ ತಪ್ಪುತಪ್ಪಾಗಿತ್ತು, ಆದರೆ ವಿಷಯ ಇತ್ತು, ಮೌಲ್ಯಮಾಪಕರು ಅಂಕ ಕೊಡಬಹುದಾದ ಹಾಗೆ ಇತ್ತು. ಚಿತ್ರ ಬರೆದು ಭಾಗ ಗುರುತಿಸುವ ಪ್ರಶ್ನೆಗಳಲ್ಲಿ ಏನೂ ಬದಲಾಗಲಿಲ್ಲ, ಅದನ್ನು ಅವರು ಮೊದಲೂ ಚೆನ್ನಾಗಿ ಮಾಡುತ್ತಿದ್ದರು. ಭೌತಶಾಸ್ತ್ರದ ಲೆಕ್ಕಗಳಿಗೆ ನಾವು ಕೈ ಹಾಕಿರಲಿಲ್ಲ. ಅದು ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಸರ್ ಪಾಲಿನದು, ಅವರಿಗೆ ಗಣಿತದ ಜೊತೆ ಅದನ್ನೂ ಎಳೆಯುವುದೇ ಸಾಕಾಗಿತ್ತು.

ವಾರ್ಷಿಕ ಪರೀಕ್ಷೆಯ ಫಲಿತಾಂಶದಿಂದ ಏನನ್ನಾದರೂ ಸಾಬೀತು ಮಾಡೋಣವೆಂದರೆ ಆ ವರ್ಷ ಅದಕ್ಕೆ ತಕ್ಕ ವರ್ಷವಲ್ಲ. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ರಾಜ್ಯದ ಉತ್ತೀರ್ಣತೆ 2023ರ 83.89 ಪ್ರತಿಶತದಿಂದ 2024ರ ಮೊದಲ ಪರೀಕ್ಷೆಯಲ್ಲಿ (ಆ ವರ್ಷ ಮೂರು ಸಲ ಬರೆಯಲು ಅವಕಾಶವಿತ್ತು) 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು 10ರಿಂದ 20 ಪ್ರತಿಶತಕ್ಕೆ ಏರಿಸಿದ ಮೇಲೆ. ಇಂಥ ಅಲೆಯ ನಡುವೆ ನಮ್ಮ ಒಂದು ವಿಭಾಗದ ಅಂಕಗಳು ಏರಿದವೋ ಇಳಿದವೋ, ಏರಿದ್ದರೆ ಅದು ಗುರುವಾರದ ಫಲವೋ ಕೃಪಾಂಕದ್ದೋ, ಬಿಡಿಸಿ ಹೇಳಲು ಬರುವುದಿಲ್ಲ. ಹೆಡ್‌ಮಾಸ್ಟರು ಇಲಾಖೆಯ ಸಭೆಯಲ್ಲಿ ಗುರುವಾರದ ಫಲವೇ ಎಂದು ಹೇಳಿ ಬಂದರು. ನಾವು ತಿದ್ದಲಿಲ್ಲ. ಪೋರ್ಷನ್ ವಿಷಯದಲ್ಲಿ ಹೇಳಿದ ಸುಳ್ಳಿನ ಋಣ ಇತ್ತಲ್ಲ.

ಉಳಿದದ್ದು ಆ ಕೊನೆಯ ಬೆಂಚಿನ ಹುಡುಗನ ವಿಷಯ. ಜುಲೈನಲ್ಲಿ ಇಡೀ ತರಗತಿಗಿಂತ ಚೆನ್ನಾಗಿ ಉತ್ತರ ಹೇಳಿದವನು ಅವನು. ಆದರೆ ಅವನಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲೇ ಬರುತ್ತಿರಲಿಲ್ಲ. ಎಂಟನೆಯ ತರಗತಿಗೆ ಹಾಗೇ ಬಂದಿದ್ದ, ಅಣ್ಣ ಇಂಗ್ಲಿಷ್ ಮೀಡಿಯಂ ಅಂತ ಸೇರಿಸಿದ್ದ, ಮೂರು ವರ್ಷ ನಕಲು ಮಾಡಿಕೊಂಡು ಕೂತಿದ್ದ. ನಕಲಿನ ಅಕ್ಷರ ಮುದ್ದಾಗಿದ್ದುದರಿಂದ ನಾವ್ಯಾರೂ ಗಮನಿಸಿರಲಿಲ್ಲ. ಬಾಲದಿಂದ ಓದಲು ಮೊದಲು ಬಾಲ ಕಾಣಬೇಕು. ನಮ್ಮ ಗುರುವಾರಗಳು ಓದಲು ಬರುವವರಿಗೆ ಮಾತ್ರ ಉಪಯೋಗವಾದವು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವನು ಮೂರು ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಬರೆದಿದ್ದ. ಮೂರೂ ಸರಿ. ಮೇಡಂ ಅಂಕ ಕೊಟ್ಟರು, ಆದರೆ ಮಾರ್ಚಿಯಲ್ಲಿ ಬೇರೆಯವರು ಕೊಡಲಾರರು ಎಂದು ಅವನನ್ನು ಕರೆದು ಹೇಳಿದರು. ಕನ್ನಡ ವಿಭಾಗಕ್ಕೆ ಹಾಕಿ ಎಂದು ಅವನು ಕೇಳಿದ. ಸ್ಯಾಟ್ಸ್ ಎಂಬ ಇಲಾಖೆಯ ವಿದ್ಯಾರ್ಥಿ ದಾಖಲೆಯಲ್ಲಿ ಅವನ ಮಾಧ್ಯಮ ಇಂಗ್ಲಿಷ್ ಎಂದು ದಾಖಲಾಗಿ, ಪರೀಕ್ಷೆಗೆ ಹೆಸರೂ ಹೋಗಿ ಆಗಿತ್ತು.

ಮೊದಲ ಪರೀಕ್ಷೆಯಲ್ಲಿ ವಿಜ್ಞಾನ, ಇಂಗ್ಲಿಷ್ ಎರಡೂ ಹೋದವು. ಬೇಸಿಗೆ ರಜೆಯಲ್ಲಿ ಅವನು ಕುರಿ ಬಿಟ್ಟುಕೊಂಡು ಶಾಲೆಯ ಹಿಂದಿನ ಬಯಲಿಗೆ ಬರುತ್ತಿದ್ದ, ನಾನು ಜಗಲಿಯಲ್ಲಿ ಕೂತಿರುತ್ತಿದ್ದೆ. ಎ, ಬಿ, ಸಿ, ಡಿಯಿಂದಲೇ ಶುರುಮಾಡಿದೆವು, ಹತ್ತನೆಯ ತರಗತಿ ಮುಗಿದ ಮೇಲೆ. ಪುಸ್ತಕ ಬೇರೆ ಬೇಡವೆಂದು ವಿಜ್ಞಾನದ ಹಳೆಯ ಪ್ರಶ್ನೆಪತ್ರಿಕೆಗಳನ್ನೇ ಇಟ್ಟುಕೊಂಡೆವು. ನಡುನಡುವೆ ಎದ್ದು ಹೋಗಿ ಹೊಲಕ್ಕೆ ನುಗ್ಗಿದ ಕುರಿಯನ್ನು ತಿರುಗಿಸಿ ಬರುತ್ತಿದ್ದ. ಮೇಡಂಗೆ ಅಷ್ಟರಲ್ಲಿ ಬೇರೆ ತಾಲ್ಲೂಕಿಗೆ ವರ್ಗಾವಣೆಯಾಗಿತ್ತು. ಹೊಸದಾಗಿ ಬಂದವರು ಗುರುವಾರದ ಪಿರಿಯಡ್ಡನ್ನು ಪೋರ್ಷನ್ನಿಗೆ ಕೇಳಿದರು, ಹೆಡ್‌ಮಾಸ್ಟರು ಕೊಟ್ಟರು.

ಎರಡನೆಯ ಪರೀಕ್ಷೆಯಲ್ಲಿ ಅವನಿಗೆ ವಿಜ್ಞಾನ ಪಾಸಾಯಿತು. ಇಂಗ್ಲಿಷ್ ಆಗಲಿಲ್ಲ. ಮೂರನೆಯದಕ್ಕೆ ಅರ್ಜಿ ತುಂಬಿಸುವಾಗ ‘ಮೀಡಿಯಂ’ ಎಂಬ ಅಂಕಣ ಬಂತು. ಅವನೇ ಬೆರಳಿಟ್ಟು, ಅಕ್ಷರ ಕೂಡಿಸಿ ಓದಿದ.